ಆಟಿಗೆಯ ಮೋಟಾರು: ಅದರ ಮೂಲ, ಅದರ ಬೆಲೆ

(ಸಂಘದ ವಾರ್ಷಿಕೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ಈ ವರ್ಷದ ಉತ್ಸವದಲ್ಲಿ ನಾನು ನಾಲ್ಕು ಮಾತುಗಳನ್ನು ಆಡಬೇಕೆಂದು ಸಂಘದ ಮಿತ್ರರು ಬಂದು ಕೇಳಿದಾಗ, ಯಾವ ವಿಷಯವನ್ನು ಕುರಿತು ಮಾತನಾಡುವಿರೆಂದು ಅವರು ಸಹಜವಾಗಿಯೇ ವಿಚಾರಿಸಿದರು. ‘ಆಟಿಗೆಯ ಮೋಟಾರನ್ನು ಕುರಿತು’ ಎಂದು ಹೇಳಿದೆ. ಅವರು ಒಬ್ಬರ ಮುಖವನ್ನೊಬ್ಬರು ನೋಡಿಕೊಂಡರು. ನಾಡು ನುಡಿಗಳನ್ನು ಕುರಿತು ಗಂಭೀರವಾದ ಮಾತುಗಳು ಕೇಳಿಬರಬೇಕಾದ ಈ ವೇದಿಕೆಯಿಂದ ಮಕ್ಕಳ ಆಟದ ಸಾಮಾನಿನ ಪ್ರಸ್ತಾಪವೇ ಎಂದು ತಮ್ಮಲ್ಲಿಯೂ ಕೆಲವರಿಗೆ ಅನಿಸಿದ್ದರೆ ಆಶ್ಚರ್ಯವಲ್ಲ. ಆದರೆ ಈ ಪುಟ್ಟ ವಸ್ತುವಿನ ಬೆನ್ನು ಹತ್ತಿ ಹೋದಾಗ ನಾನು ನಮ್ಮ ಊರಿನ ಬಾಗಿಲಿಗೇ ಬಂದು ನಿಂತೆ. ಆದಕಾರಣ ತಾವು ಸ್ವಲ್ಪ ಹೊತ್ತು ಸಹನೆಯಿಂದ ಕೇಳಬೇಕೆಂದು ಪ್ರಾರ್ಥಿಸುತ್ತೇನೆ.

ಮೊದಲು ಒಂದು ಹಳೆಯ ಪ್ರಸಂಗವನ್ನು ನೆನೆಯೋಣ. ಸಂಸ್ಕೃತದಲ್ಲಿ ಶೂದ್ರಕನ ‘ಮೃಚ್ಛಕಟಿಕ’ವೆಂಬ ಪ್ರಸಿದ್ಧ ನಾಟಕವಿದೆ. ಆ ಹೆಸರಿನ ಅರ್ಥವೇ ಮಣ್ಣಿನ ಬಂಡಿ. ಬಡತನಕ್ಕೆ ಬಂದ ಚಾರುದತ್ತನ ಮಗ, ನೆರೆಮನೆಯ ಹುಡುಗನ ಚಿನ್ನದ ಬಂಡಿಯೊಡನೆ ಆಡಿ ಬಂದವನು, ತನಗೆ ಕೊಟ್ಟ ಮಣ್ಣಿನ ಬಂಡಿ ಬೇಡವೆಂದು ಅಳುತ್ತಾನೆ. ವಸಂತಸೇನೆ ತನ್ನ ಒಡವೆಗಳನ್ನೆಲ್ಲ ಕಳಚಿ ಆ ಮಣ್ಣಿನ ಬಂಡಿಯಲ್ಲಿ ತುಂಬಿ, ಚಿನ್ನದ್ದನ್ನು ಮಾಡಿಸಿಕೋ ಎನ್ನುತ್ತಾಳೆ. ಆಟದ ಬಂಡಿಯ ಬೆಲೆ ಎಷ್ಟು? ಮಣ್ಣಿನಷ್ಟೆ, ಚಿನ್ನದಷ್ಟೆ, ಅಥವಾ ಅದನ್ನು ಕೊಟ್ಟವರ ಪ್ರೀತಿಯಷ್ಟೆ? ಈ ಪ್ರಶ್ನೆ ಅಂದಿನಿಂದ ಇಂದಿನವರೆಗೂ ಹಾಗೆಯೇ ಉಳಿದಿದೆ. ಎರಡು ವರ್ಷಗಳ ಹಿಂದೆ ಅದು ನಮ್ಮ ಮನೆಗೂ ಬಂದಿತು.

ನಮ್ಮ ಕಾಕಿಯವರ ಟ್ರಂಕಿನಲ್ಲಿ ಬಹುಕಾಲದಿಂದ ಒಂದು ಆಟಿಗೆಯ ಮೋಟಾರು ಇತ್ತು. ನನ್ನ ಬೆರಳಿನಷ್ಟು ಉದ್ದ, ಅಂಗೈಯಲ್ಲಿ ಮುಚ್ಚಿ ಹಿಡಿಯುವಷ್ಟು ಗಾತ್ರ, ಕೈಗೆತ್ತಿಕೊಂಡರೆ ತೂಕವಾದ ಲೋಹ. ಹಳೆಯ ಸಾಮಾನುಗಳನ್ನು ಕೊಳ್ಳಲು ಊರೂರು ತಿರುಗುವ ವ್ಯಾಪಾರಿಯೊಬ್ಬನು ಅದನ್ನು ನೋಡಿ, ಮೊದಲು ಒಂದು ಸ್ಟೀಲಿನ ಡಬ್ಬಿಗೆ ಬದಲಾಗಿ ಕೇಳಿದನು. ಕಾಕಿ ಒಪ್ಪಲಿಲ್ಲ. ಅವನು ಐದುನೂರು ರೂಪಾಯಿಗೆ ಏರಿದನು. ಐದುನೂರು ಎಂದೊಡನೆ ಮನೆಯವರೆಲ್ಲರ ಕಿವಿ ನೆಟ್ಟಗಾದವು. ತಗಡಿನ ಚೂರಿಗೆ ಇಷ್ಟು ಕೊಡುವವನು ಅದರಿಂದ ಎಷ್ಟು ಗಳಿಸುತ್ತಾನೋ ಎಂಬ ಸಂಶಯ ಹುಟ್ಟಿತು. ಆ ವರ್ಷ ಕಾಕಿಯ ಮೊಮ್ಮಗಳು ವಿಜಯಪುರದಲ್ಲಿ ನರ್ಸಿಂಗ್ ಶಿಕ್ಷಣಕ್ಕೆ ಸೇರುವವಳಿದ್ದಳು. ಫೀಯ ಚಿಂತೆ ಮನೆಯಲ್ಲಿ ದೊಡ್ಡದಾಗಿತ್ತು. ಕಾಕಿ ಮೋಟಾರನ್ನು ಸೆರಗಿನಲ್ಲಿ ಕಟ್ಟಿಕೊಂಡು ನನ್ನಲ್ಲಿಗೆ ಬಂದು, “ತಮ್ಮಾ, ನೀ ನಾಕ ಅಕ್ಷರ ಕಲತಾಂವ. ಇದರ ಖರೇ ಬೆಲಿ ಏನಂತ ನೋಡಿ ಹೇಳು” ಎಂದರು.

ಆ ಮೋಟಾರು ನನಗೆ ಅಪರಿಚಿತವಾದುದಲ್ಲ. 1972ರ ಬರಗಾಲವನ್ನು ಇಲ್ಲಿಯ ಹಿರಿಯರಾರೂ ಮರೆತಿರಲಾರರು. ಬಾವಿಗಳು ಬತ್ತಿ, ದನಗಳಿಗೆ ಮೇವಿಲ್ಲದೆ, ಜನರು ಸರಕಾರದ ಬರಗಾಲದ ಕಾಮಗಾರಿಯಲ್ಲಿ ಖಡಿ ಒಡೆದು ಹೊಟ್ಟೆ ಹೊರೆದ ವರ್ಷ ಅದು. ನಮ್ಮ ಕಾಕಾ ಖಡಿ ಒಡೆದರು. ಮರುವರ್ಷ ಮುಂಬಯಿಗೆ ಹೋಗಿ ಬಟ್ಟೆಯ ಗಿರಣಿಯನ್ನು ಸೇರಿದರು. 1974ರ ನಾಗರ ಪಂಚಮಿಗೆ ಊರಿಗೆ ಬಂದಾಗ ಧೋತರದ ಗಂಟಿನೊಳಗಿಂದ ಈ ನೀಲಿ ಮೋಟಾರನ್ನು ತೆಗೆದು ಮನೆಯ ಮಕ್ಕಳೆಲ್ಲರ ನಡುವೆ ಇಟ್ಟರು. ಆಗ ನನಗೆ ಏಳು ವರ್ಷ. ನಮ್ಮ ಓಣಿಯಲ್ಲಿ ಅಂಥ ವಸ್ತುವನ್ನು ಅದುವರೆಗೆ ಯಾರೂ ಕಂಡಿರಲಿಲ್ಲ. ಜೋಳದ ದಂಟನ್ನು ಸುಲಿದು, ಬೆಂಡಿಗೆ ಸಿಬಿರು ಚುಚ್ಚಿ ನಾವು ಮಾಡಿಕೊಳ್ಳುತ್ತಿದ್ದ ಚಕ್ಕಡಿಯೇ ನಮಗೆ ಬಲ್ಲ ವಾಹನವಾಗಿತ್ತು.

ಬಂಧುಗಳೆ, ಆ ದಂಟಿನ ಚಕ್ಕಡಿಯನ್ನು ಹೀಗಳೆಯಬೇಕಾದುದಿಲ್ಲ. ಅದರ ವಂಶ ಬಹು ಪ್ರಾಚೀನವಾದುದು. ಹರಪ್ಪ, ಮೊಹೆಂಜೊದಾರೊಗಳ ನೆಲವನ್ನು ಅಗೆದಾಗ ಸುಟ್ಟ ಮಣ್ಣಿನ ಪುಟ್ಟ ಬಂಡಿಗಳೂ ಗಾಲಿಗಳೂ ದೊರೆತಿವೆ. ಅವುಗಳಿಗೆ ಸುಮಾರು 4500 ವರ್ಷಗಳ ವಯಸ್ಸು. ಅಷ್ಟು ದೂರ ಹೋಗುವುದೂ ಬೇಡ. ಇದೇ ಮಹಾರಾಷ್ಟ್ರದ ಪ್ರವರಾ ನದಿಯ ದಡದಲ್ಲಿರುವ ದಾಯಿಮಾಬಾದದಲ್ಲಿ 1974ರಲ್ಲಿ ನಾಲ್ಕು ಕಂಚಿನ ವಿಗ್ರಹಗಳು ದೊರೆತವು: ಎತ್ತುಗಳನ್ನು ಹೂಡಿದ ರಥವನ್ನು ನಡೆಸುವ ಮನುಷ್ಯ, ಆನೆ, ಖಡ್ಗಮೃಗ, ಕೋಣ. ಪ್ರಾಣಿಗಳ ಕಾಲ ಕೆಳಗೂ ಗಾಲಿಗಳಿದ್ದವು. ನಮ್ಮ ಕಾಕಾ ಮೋಟಾರು ತಂದ ವರ್ಷವೇ ಅವು ಬೆಳಕಿಗೆ ಬಂದವೆಂಬುದು ಕಾಕತಾಳೀಯವಾದರೂ ನನಗೆ ಸೊಗಸೆನಿಸುತ್ತದೆ. ಇನ್ನು ನಮ್ಮ ನಾಡಿನಲ್ಲಿ ಗೋಕಾವಿಯ ಗೊಂಬೆಗಳು, ಕೊಪ್ಪಳದ ಹತ್ತಿರದ ಕಿನ್ನಾಳದ ಗೊಂಬೆಗಳು, ಆಲೆಮರವನ್ನು ಚರಕಿಗೆ ಹಾಕಿ ಕಡೆದು ಅರಗಿನ ಬಣ್ಣ ಹಚ್ಚುವ ಚನ್ನಪಟ್ಟಣದ ಆಟಿಗೆಗಳು ಹೆಸರಾಗಿವೆ. ಕಾರಹುಣ್ಣಿಮೆಯಲ್ಲಿ ಎತ್ತುಗಳನ್ನು ಸಿಂಗರಿಸುವ, ಮಣ್ಣೆತ್ತಿನ ಅಮಾವಾಸ್ಯೆಯಲ್ಲಿ ಮಣ್ಣಿನ ಎತ್ತುಗಳನ್ನು ಮಾಡಿ ಪೂಜಿಸುವ ನಮಗೆ, ಆಟಕ್ಕೂ ಬದುಕಿಗೂ ಇರುವ ನಂಟನ್ನು ಬೇರೆಯವರು ತಿಳಿಸಬೇಕಾಗಿಲ್ಲ.

ಲೋಹದ ಮೋಟಾರಿನ ವಂಶವಾದರೋ ಈಚಿನದು. 1886ರಲ್ಲಿ ಜರ್ಮನಿಯ ಕಾರ್ಲ್ ಬೆನ್ಜ್ ತನ್ನ ಮೋಟಾರು ವಾಹನಕ್ಕೆ ಹಕ್ಕುಪತ್ರವನ್ನು ಪಡೆದನು. ದೊಡ್ಡವರ ರಸ್ತೆಗೆ ಬಂದ ವಾಹನ ಬಹುಬೇಗನೆ ಮಕ್ಕಳ ಜಗಲಿಗೂ ಇಳಿಯಿತು. ಮೊದಲು ಬಂದವು ತಗಡನ್ನು ಮಡಿಸಿ ಮಾಡಿದವು. ಅನಂತರ ಸತುವಿನ ಎರಕದವು ಬಂದವು. ಸತು ಸುಮಾರು 420 ಡಿಗ್ರಿ ಸೆಲ್ಸಿಯಸ್ ಶಾಖಕ್ಕೇ ಕರಗುತ್ತದೆ. ಕಬ್ಬಿಣಕ್ಕೆ ಬೇಕಾದ ಶಾಖ 1500 ಡಿಗ್ರಿಗಿಂತ ಹೆಚ್ಚು. ಆದುದರಿಂದ ಉಕ್ಕಿನ ಎರಡು ಹೋಳುಗಳ ಅಚ್ಚಿನೊಳಗೆ ಕರಗಿದ ಸತುವನ್ನು ಒತ್ತಡದಿಂದ ನುಗ್ಗಿಸಿದರೆ ಕ್ಷಣಮಾತ್ರದಲ್ಲಿ ಬಾಗಿಲು, ದೀಪ, ಬಂಪರುಗಳ ಗೆರೆಗಳ ಸಮೇತ ಮೋಟಾರಿನ ಮೈ ಸಿದ್ಧವಾಗುತ್ತದೆ, ಅಚ್ಚಿಗೆ ಯಾವ ಬಾಧೆಯೂ ಇಲ್ಲ. ಒಂದು ಅಚ್ಚಿನಿಂದ ಲಕ್ಷಗಟ್ಟಲೆ ಮೋಟಾರುಗಳನ್ನು ತೆಗೆಯಬಹುದು. ಆದರೆ ಅಚ್ಚು ಸವೆದಂತೆ ಗೆರೆಗಳು ಮಂಕಾಗುತ್ತವೆ. ಈ ಮಾತನ್ನು ತಾವು ನೆನಪಿನಲ್ಲಿಡಬೇಕು, ಮುಂದೆ ಬೇಕಾಗುತ್ತದೆ.

ಇಂಗ್ಲೆಂಡಿನ ಲಿವರ್‌ಪೂಲ್ ನಗರದಲ್ಲಿ ಫ್ರಾಂಕ್ ಹಾರ್ನ್‌ಬಿ ಎಂಬವನು ಮೆಕಾನೊ ಎಂಬ ಜೋಡಣೆಯ ಆಟಿಗೆಯಿಂದ ಹೆಸರು ಪಡೆದಿದ್ದನು. ಅವನ ಸಂಸ್ಥೆಯೇ 1934ರಲ್ಲಿ ‘ಡಿಂಕಿ ಟಾಯ್ಸ್’ ಎಂಬ ಹೆಸರಿನಿಂದ ಸಣ್ಣ ಲೋಹದ ಮೋಟಾರುಗಳನ್ನು ಮಾರಲಾರಂಭಿಸಿತು. ಎರಡನೆಯ ಮಹಾಯುದ್ಧದ ಅನಂತರ, 1947ರಲ್ಲಿ, ಲಂಡನ್ನಿನಲ್ಲಿ ಲೆಸ್ನಿ ಎಂಬ ಎರಕದ ಸಂಸ್ಥೆ ಹುಟ್ಟಿತು. ಅದರಲ್ಲಿದ್ದ ಜಾಕ್ ಓಡೆಲ್ ಎಂಬವನ ಮಗಳು ಓದುತ್ತಿದ್ದ ಶಾಲೆಯಲ್ಲಿ, ಬೆಂಕಿಪೆಟ್ಟಿಗೆಯಲ್ಲಿ ಹಿಡಿಯುವಷ್ಟು ಚಿಕ್ಕ ಆಟಿಗೆಯನ್ನು ಮಾತ್ರ ತರಬಹುದೆಂಬ ನಿಯಮವಿತ್ತಂತೆ. ತಂದೆ ಹಿತ್ತಾಳೆಯಲ್ಲಿ ಒಂದು ಪುಟ್ಟ ರೋಡ್ ರೋಲರನ್ನು ಮಾಡಿ ಪೆಟ್ಟಿಗೆಯಲ್ಲಿಟ್ಟು ಕೊಟ್ಟನು. ಗೆಳತಿಯರೆಲ್ಲ ಅಂಥದೇ ಬೇಕೆಂದರು. 1953ರಲ್ಲಿ ಆರಂಭವಾದ ‘ಮ್ಯಾಚ್‌ಬಾಕ್ಸ್’ ಮೋಟಾರುಗಳ ಮೂಲ ಅದು. 1956ರಲ್ಲಿ ಕಿಟಕಿಗಳಿಗೆ ಪಾರದರ್ಶಕ ಪ್ಲಾಸ್ಟಿಕ್ ಹಚ್ಚಿದ ‘ಕೋರ್ಗಿ’, 1968ರಲ್ಲಿ ಅಮೆರಿಕದ ಮ್ಯಾಟೆಲ್ ಸಂಸ್ಥೆಯ ವೇಗದ ಗಾಲಿಗಳ ‘ಹಾಟ್ ವೀಲ್ಸ್’ ಬಂದವು. ಈ ಪೈಪೋಟಿಯಲ್ಲಿ ಹಳೆಯ ಮನೆತನಗಳು ಉಳಿಯಲಿಲ್ಲ. ಡಿಂಕಿಯ ಲಿವರ್‌ಪೂಲ್ ಕಾರಖಾನೆ 1979ರಲ್ಲಿ ಮುಚ್ಚಿತು. ಲೆಸ್ನಿ 1982ರಲ್ಲಿ ದಿವಾಳಿಯಾಯಿತು.

ಇಷ್ಟನ್ನು ತಿಳಿದುಕೊಂಡು ನಾನು ಕಾಕಿಯವರ ಮೋಟಾರನ್ನು ತಲೆಕೆಳಗಾಗಿ ಹಿಡಿದು ಭೂತಗನ್ನಡಿಯಲ್ಲಿ ನೋಡಿದೆನು. ಆಟಿಗೆಯ ಮೋಟಾರಿನ ಜಾತಕವೆಲ್ಲ ಅದರ ತಳದಲ್ಲಿರುತ್ತದೆ: ಸಂಸ್ಥೆಯ ಹೆಸರು, ದೇಶದ ಹೆಸರು, ಕೆಲವೊಮ್ಮೆ ಸಂಖ್ಯೆ, ಇಸವಿ. ಇಸವಿಯನ್ನು ಕಂಡು ಮೋಸಹೋಗಬಾರದು. ಹಲವು ಮೋಟಾರುಗಳಲ್ಲಿ ಅದು ವಿನ್ಯಾಸದ ಹಕ್ಕಿನ ವರ್ಷವೇ ಹೊರತು ಆ ಮೋಟಾರು ತಯಾರಾದ ವರ್ಷವಲ್ಲ. ನಮ್ಮ ಮೋಟಾರಿನ ತಳದಲ್ಲಿ ಒಂದು ಕಡೆ ಅಕ್ಷರಗಳನ್ನು ಅಳಿಸಿದಂತೆ ಒರಟಾದ ಜಾಗವಿತ್ತು. ಅಲ್ಲಿ ‘ನಿಕ್ಕಿ ಟಾಯ್ಸ್’ ಎಂದು ಇತ್ತು. ಬಾಗಿಲಿನ ಗೆರೆಗಳು ಮಸುಕಾಗಿದ್ದವು.

ಇದರ ಹಿಂದಿನ ಕಥೆ ಹೀಗಿದೆ. ವಿದೇಶದ ಸಾಮಾನುಗಳ ಆಮದಿಗೆ ನಮ್ಮ ದೇಶದಲ್ಲಿ ಕಟ್ಟುನಿಟ್ಟಾದ ನಿರ್ಬಂಧಗಳಿದ್ದ ಕಾಲ ಅದು. 1960ರ ದಶಕದ ಕೊನೆಯ ಹೊತ್ತಿಗೆ ಡಿಂಕಿಯವರು ಬಳಸಿ ಬಿಟ್ಟ ಹಲವು ಹಳೆಯ ಅಚ್ಚುಗಳು ಕಲಕತ್ತೆಗೆ ಬಂದವು. ಅಲ್ಲಿಯ ಸಂಸ್ಥೆಯೊಂದು ಜಾಗ್ವಾರ್, ಫೋಕ್ಸ್‌ವ್ಯಾಗನ್ ಮುಂತಾದ ಮೋಟಾರುಗಳನ್ನು ಅವೇ ಅಚ್ಚುಗಳಿಂದ ಎರಕ ಹೊಯ್ದು, ‘ಡಿಂಕಿ’ಯೆಂದಿದ್ದುದನ್ನು ತಿದ್ದಿ ‘ನಿಕ್ಕಿ’ ಎಂಬ ಹೆಸರಿನಿಂದ ಮಾರಿತು. ಅಚ್ಚು ಸವೆದಿದ್ದುದರಿಂದ ಗೆರೆಗಳು ಮಂಕು. ಬಣ್ಣವೂ ಇಂಗ್ಲೆಂಡಿನದಕ್ಕಿಂತ ದಪ್ಪ. ಹೀಗೆ ಲಿವರ್‌ಪೂಲಿನಲ್ಲಿ ಕಡೆದ ಅಚ್ಚಿನಲ್ಲಿ, ಕಲಕತ್ತೆಯಲ್ಲಿ ಎರಕಗೊಂಡು, ಮುಂಬಯಿಯ ಫುಟ್‌ಪಾತಿನಲ್ಲಿ ಮಾರಾಟವಾಗಿ, ಬರಗಾಲದಿಂದ ಊರು ಬಿಟ್ಟ ಕೂಲಿಕಾರನೊಬ್ಬನ ಧೋತರದ ಗಂಟಿನಲ್ಲಿ ಈ ಮೋಟಾರು ಅಸಂಗಿಗೆ ಬಂದಿತು. ಇದು ಇಂಗ್ಲೆಂಡಿನ ಅಸಲಿ ಮಾಲೆಂದು ಹೇಳಿದ ವ್ಯಾಪಾರಿಗೆ ಇದರ ಮೂಲ ತಿಳಿದಿರಲಿಲ್ಲ, ಇಲ್ಲವೆ ತಿಳಿದೂ ಮುಚ್ಚಿಟ್ಟನು.

ಇನ್ನು ಬೆಲೆಯ ವಿಚಾರ. ಹಳೆಯದೆಲ್ಲ ಬೆಲೆಯುಳ್ಳದ್ದೆಂದು ಜನರು ತಿಳಿಯುತ್ತಾರೆ, ಅದು ತಪ್ಪು. ಲಕ್ಷಗಟ್ಟಲೆ ಮಾರಾಟವಾದ ಮೋಟಾರು ಅರುವತ್ತು ವರ್ಷ ಹಳೆಯದಾದರೂ ಅಗ್ಗವೇ. ಬೆಲೆಯನ್ನು ಕಟ್ಟುವವು ನಾಲ್ಕು ಸಂಗತಿಗಳು. ಮೊದಲನೆಯದು ವಿರಳತೆ, ಎರಡನೆಯದು ಅದು ಯಾವ ಸ್ಥಿತಿಯಲ್ಲಿದೆ ಎಂಬುದು, ಮೂರನೆಯದು ಅದರ ಮೂಲ ಪೆಟ್ಟಿಗೆ, ಎಷ್ಟೋ ವೇಳೆ ರಟ್ಟಿನ ಪೆಟ್ಟಿಗೆಯ ಬೆಲೆ ಒಳಗಿನ ಮೋಟಾರಿಗೆ ಸಮನಾಗುತ್ತದೆ, ನಾಲ್ಕನೆಯದು ಕೊಳ್ಳುವವರ ಆಸೆ. ವಿರಳತೆಗೆ ಒಂದು ನಿದರ್ಶನ: 1969ರಲ್ಲಿ ಹಾಟ್ ವೀಲ್ಸ್‌ನವರು ಒಂದು ಫೋಕ್ಸ್‌ವ್ಯಾಗನ್ ಗಾಡಿಯ ಮಾದರಿಯನ್ನು, ಹಿಂದಿನ ಕಿಟಕಿಯಿಂದ ಅಲೆಯಾಟದ ಹಲಗೆಗಳು ಹೊರಚಾಚಿದಂತೆ, ಮಾಡಿ ನೋಡಿದರು. ಅದು ಇಕ್ಕಟ್ಟಾಗಿದ್ದು ಓಟದ ಹಾದಿಯಲ್ಲಿ ನಿಲ್ಲದೆ ಉರುಳಿದುದರಿಂದ ಅದನ್ನು ಕೈಬಿಟ್ಟು ಬೇರೆ ವಿನ್ಯಾಸವನ್ನು ಮಾರುಕಟ್ಟೆಗೆ ತಂದರು. ಉಳಿದುಕೊಂಡ ಆ ಕೆಲವು ಮಾದರಿಗಳಲ್ಲಿ ಗುಲಾಬಿ ಬಣ್ಣದ್ದೊಂದನ್ನು ಅಮೆರಿಕದ ಸಂಗ್ರಾಹಕರೊಬ್ಬರು ಸುಮಾರು 72,000 ಡಾಲರುಗಳಿಗೆ ಕೊಂಡರೆಂಬುದು ಜಗತ್ಪ್ರಸಿದ್ಧವಾಗಿದೆ. ಸೋತ ಗಾಡಿಗೆ ಗೆದ್ದ ಗಾಡಿಗಿಂತ ಹೆಚ್ಚಿನ ಬೆಲೆ! ಆದರೆ ಇಂದು ಪೇಟೆಯ ಅಂಗಡಿಯಲ್ಲಿ ತೂಗುಹಾಕಿರುವ, ತಳದಲ್ಲಿ ಮಲೇಶಿಯಾ ಎಂದೋ ಥೈಲಂಡ್ ಎಂದೋ ಬರೆದಿರುವ ಹಾಟ್ ವೀಲ್ಸ್ ಕೊಂಡು, ನಾಳೆ ಧನವಂತರಾಗುವೆವೆಂದು ಯಾರೂ ಕನಸು ಕಾಣಬಾರದು.

ಲೋಹಕ್ಕೂ ರೋಗವುಂಟೆಂಬುದನ್ನು ಇಲ್ಲಿ ಹೇಳಬೇಕು. ಸತುವಿನ ಎರಕದಲ್ಲಿ ಸೀಸದ ಅಂಶ ಬೆರೆತಿದ್ದರೆ, ಹಲವು ವರ್ಷಗಳ ಮೇಲೆ ಒಳಗಿನಿಂದಲೇ ಬಿರುಕು ಬಿಟ್ಟು, ಹುಳ ಹಿಡಿದ ತೊಲೆಯಂತೆ ಪುಡಿಪುಡಿಯಾಗುತ್ತದೆ. ಯುದ್ಧಪೂರ್ವದ ಅನೇಕ ಡಿಂಕಿ ಮೋಟಾರುಗಳು ಹೀಗೆ ಹಾಳಾದವು. ತೇವವಿಲ್ಲದ ತಂಪು ಜಾಗದಲ್ಲಿಡುವುದು ಮೇಲು. ಹಳೆಯ ಬಣ್ಣಗಳಲ್ಲಿ ಸೀಸ ಇರುವ ಸಂಭವವಿರುವುದರಿಂದ ಬಾಯಿಗೆ ಹಾಕುವ ಕೂಸುಗಳ ಕೈಗೆ ಅವನ್ನು ಕೊಡಬಾರದು. ಎಲ್ಲಕ್ಕೂ ಮುಖ್ಯವಾದ ಮಾತೆಂದರೆ, ಹಳೆಯ ಆಟಿಗೆಗೆ ಹೊಸ ಬಣ್ಣ ಬಳಿಯಕೂಡದು. ಮೂಲದ ಬಣ್ಣ ಅರ್ಧ ಉದುರಿದ್ದರೂ ಅದಕ್ಕೆ ಬೆಲೆಯಿದೆ. ಮೇಲೆ ಹೊಸ ಬಣ್ಣ ಬಳಿದರೆ ಆ ಬೆಲೆಯ ಬಹುಭಾಗ ಹೋಗುತ್ತದೆ.

ಈ ಕೊನೆಯ ನಿಯಮವನ್ನು ತಿಳಿದಾಗ ನನ್ನ ಎದೆ ಧಸಕ್ಕೆಂದಿತು. ಏಕೆಂದರೆ ಕಾಕಿಯವರ ಮೋಟಾರು ಈಗ ನೀಲಿಯಾಗಿರಲಿಲ್ಲ, ಕೆಂಪಾಗಿತ್ತು. ಅದನ್ನು ಕೆಂಪಾಗಿಸಿದವನು ನಾನೇ. ನನಗೆ ಒಂಬತ್ತು ವರ್ಷವಾದಾಗ, ಕಾರಹುಣ್ಣಿಮೆಯ ದಿನ ಎತ್ತಿನ ಕೋಡುಗಳಿಗೆ ಬಳಿದು ಉಳಿದ ಬಣ್ಣವನ್ನು, ಎತ್ತುಗಳ ಜೊತೆಗೆ ಮೋಟಾರಿಗೂ ಹಬ್ಬವಾಗಲೆಂದು, ಅದಕ್ಕೆ ಬಳಿದಿದ್ದೆನು. ಅಂದು ಕಾಕಾ ಊರಲ್ಲಿಯೇ ಇದ್ದರು, ಬೈಯಲಿಲ್ಲ, ನಕ್ಕರು. ಅದೇ ಮೋಟಾರಿನ ಚಿತ್ರಗಳನ್ನು ಪುಣೆಯಲ್ಲಿರುವ ಬಲ್ಲವರೊಬ್ಬರಿಗೆ ಕಳುಹಿಸಿದೆ. ಅವರು ಪ್ರಾಮಾಣಿಕವಾಗಿ ತಿಳಿಸಿದರು: ‘ಪೆಟ್ಟಿಗೆಯೊಡನೆ ನೀಲಿ ಬಣ್ಣದಲ್ಲಿಯೇ ಇದ್ದಿದ್ದರೆ ಸಂಗ್ರಾಹಕರು ಆಸೆಪಟ್ಟು ಒಳ್ಳೆಯ ಬೆಲೆಯನ್ನೇ ಕೊಡುತ್ತಿದ್ದರು. ಈಗ ಆ ವ್ಯಾಪಾರಿ ಹೇಳಿದ್ದಕ್ಕಿಂತ ಹೆಚ್ಚು ಬರಲಾರದು.’

ಆ ಸಂಜೆ ಕಾಕಿಯವರ ಕಟ್ಟೆಯ ಮೇಲೆ ಕುಳಿತು ಇದೆಲ್ಲವನ್ನೂ ಹೇಳಿದೆ. ನನ್ನ ಬಾಲ್ಯದ ತಪ್ಪಿನಿಂದ ಹುಡುಗಿಯ ಫೀಗೆ ಒದಗಬಹುದಾಗಿದ್ದ ಹಣ ಹೋಯಿತೆಂದು ಒಪ್ಪಿಕೊಂಡೆ. ಕಾಕಿ ಬಹಳ ಹೊತ್ತು ಮೋಟಾರನ್ನು ಅಂಗೈಯಲ್ಲಿಟ್ಟುಕೊಂಡು ನೋಡಿದರು. 1982ರ ಜನವರಿಯಲ್ಲಿ ಮುಂಬಯಿಯ ಗಿರಣಿಗಳ ಸುಮಾರು ಎರಡೂವರೆ ಲಕ್ಷ ಕೆಲಸಗಾರರು ಮುಷ್ಕರ ಹೂಡಿದರು. ಅವರಲ್ಲಿ ಬಹುಮಂದಿ ಮತ್ತೆ ಗಿರಣಿಯ ಒಳಗೆ ಕಾಲಿಡಲಿಲ್ಲ. ನಮ್ಮ ಕಾಕಾ ಅವರಲ್ಲೊಬ್ಬರು. ಬರಿಗೈಯಲ್ಲಿ ಊರಿಗೆ ಬಂದು ಮತ್ತೆ ಒಣಬೇಸಾಯಕ್ಕೆ ನಿಂತು ಅದರಲ್ಲಿಯೇ ಕಾಲವಾದರು. ಮುಂಬಯಿಯ ಒಂಬತ್ತು ವರ್ಷಗಳ ಬೆವರಿನಲ್ಲಿ ಮನೆಯಲ್ಲಿ ಉಳಿದಿದ್ದ ವಸ್ತು ಇದೊಂದೇ. ಕೊನೆಗೆ ಕಾಕಿ, “ಬೆಲಿ ಇಲ್ಲಂದ್ರ ಛಲೋ ಆತು ಬಿಡು ತಮ್ಮಾ. ಬೆಲಿ ಇದ್ದಿದ್ರ ಮಾರಬೇಕಾಗತಿತ್ತು” ಎಂದು ಹೇಳಿ, ಅದನ್ನು ಮತ್ತೆ ಟ್ರಂಕಿನಲ್ಲಿಟ್ಟು ಬೀಗ ಹಾಕಿದರು. ಫೀಯ ಹಣವನ್ನು ಅಣ್ಣತಮ್ಮಂದಿರೆಲ್ಲ ಕೂಡಿ ಹೊಂದಿಸಿದೆವು. ಹುಡುಗಿ ಈಗ ಎರಡನೆಯ ವರ್ಷದಲ್ಲಿ ಓದುತ್ತಿದ್ದಾಳೆ.

ಬಂಧುಗಳೆ, ಕಾಕಿಯವರ ಮಾತನ್ನು ನಾನು ಬಹಳ ಯೋಚಿಸಿದ್ದೇನೆ. ಬೆಲೆಯಿದ್ದರೆ ಮಾರುವುದು ತಪ್ಪೆಂದು ನಾನು ಹೇಳುವುದಿಲ್ಲ. ಮಗಳ ವಿದ್ಯೆಗಾಗಿ ಒಡವೆ ಮಾರಿದ ತಾಯಿಯನ್ನು ಯಾರು ದೂರಿಯಾರು? ಆದರೆ ಮೂಲವನ್ನು ತಿಳಿಯದೆ ಮಾರಬಾರದು. ತಾವು ಏನನ್ನು ಕೊಡುತ್ತಿರುವಿರೆಂಬುದನ್ನು ಕೊಳ್ಳುವವನಿಗಿಂತ ಮೊದಲು ತಾವೇ ಅರಿತಿರಬೇಕು. ನಮ್ಮ ಮನೆಗಳಿಂದ ಸ್ಟೀಲಿನ ಡಬ್ಬಿಗೆ ಬದಲಾಗಿ ಹಿತ್ತಾಳೆಯ ಪಾತ್ರೆಗಳು ಹೋದವು, ತೊಟ್ಟಿಲ ಗಿಳಿಗಳು ಹೋದವು. ಅವುಗಳ ಜೊತೆಗೆ ಅವುಗಳ ಹೆಸರುಗಳೂ ಹೋಗುತ್ತಿವೆ. ಇಲ್ಲಿರುವ ಮಕ್ಕಳನ್ನು ಕೇಳಿ ನೋಡಿ: ಚಕ್ಕಡಿಯ ನೊಗ ಯಾವುದು, ಅಚ್ಚು ಯಾವುದು, ಗಾಲಿ ಕಳಚದಂತೆ ಹಿಡಿಯುವ ಕಡಾಣಿ ಯಾವುದು? ದಂಟಿನ ಚಕ್ಕಡಿ ಮಾಡುತ್ತಿದ್ದ ನಮ್ಮ ತಲೆಮಾರಿಗೆ ಈ ಮಾತುಗಳನ್ನು ಯಾರೂ ಪುಸ್ತಕದಿಂದ ಕಲಿಸಲಿಲ್ಲ, ಬೆರಳುಗಳೇ ಕಲಿಸಿದವು. ಗಡಿಯಲ್ಲಿರುವ ನಮಗೆ ಕನ್ನಡ ಶಾಲೆ ಹೇಗೆ ಬೇಕೋ ಹಾಗೆಯೇ ಕನ್ನಡದಲ್ಲಿ ಆಡುವ ಆಟವೂ ಬೇಕು. ತಳದ ಹೆಸರನ್ನು ಯಾರು ತಿದ್ದಿದರೂ ಅಚ್ಚಿನ ಗೆರೆ ಉಳಿದಿರುತ್ತದೆಂಬುದನ್ನು ಆ ಪುಟ್ಟ ಮೋಟಾರೇ ನನಗೆ ತೋರಿಸಿತು. ಆದರೆ ಅಚ್ಚು ಸವೆಯುತ್ತದೆಂಬುದನ್ನೂ ಅದೇ ತೋರಿಸಿತು.

ಆದಕಾರಣ ಸಂಘದ ಮುಂದೆ ನನ್ನದೊಂದು ಚಿಕ್ಕ ಬಿನ್ನಹವಿದೆ. ಮುಂದಿನ ವಾರ್ಷಿಕೋತ್ಸವದ ಹೊತ್ತಿಗೆ ಪ್ರತಿಯೊಂದು ಮನೆಯವರೂ ತಮ್ಮಲ್ಲಿರುವ ಒಂದು ಹಳೆಯ ಆಟಿಗೆಯನ್ನು ಹುಡುಕಿ ಶಾಲೆಗೆ ತರಲಿ. ಬಡಿಗರು ಮಾಡಿಕೊಟ್ಟ ಗಾಡಿಯಾಗಲಿ, ಮಣ್ಣಿನ ಎತ್ತಾಗಲಿ, ಹಳೆಯ ಚಪ್ಪಲಿಯನ್ನು ಕತ್ತರಿಸಿ ಮಾಡಿದ ಗಾಲಿಯಾಗಲಿ, ಪೇಟೆಯಿಂದ ಬಂದ ಮೋಟಾರಾಗಲಿ, ಯಾವುದಾದರೂ ಸರಿ. ಯಾರು ಮಾಡಿದರು, ಯಾರು ತಂದರು, ಯಾವ ವರ್ಷ, ಎಲ್ಲಿಂದ, ಯಾರು ಆಡಿದರು ಎಂಬುದನ್ನು ಹಿರಿಯರು ಹೇಳಲಿ, ಮಕ್ಕಳು ಕನ್ನಡದಲ್ಲಿ ಒಂದು ಚೀಟಿಯ ಮೇಲೆ ಬರೆಯಲಿ. ಒಂದು ದಿನ ಎಲ್ಲರೂ ನೋಡಿ, ಸಂಜೆಗೆ ಆಯಾ ಮನೆಯ ವಸ್ತು ಆಯಾ ಮನೆಗೆ ಹಿಂತಿರುಗಲಿ. ಚೀಟಿಗಳು ಮಾತ್ರ ಶಾಲೆಯಲ್ಲಿ ಉಳಿಯಲಿ. ಇದಕ್ಕೆ ಹಣ ಬೇಕಾಗಿಲ್ಲ, ಕಾಗದ ಮತ್ತು ಮನಸ್ಸು ಸಾಕು.

ಮೊದಲನೆಯ ಚೀಟಿಯನ್ನು ನಾನೇ ಬರೆದು ತಂದಿದ್ದೇನೆ. ಅದರಲ್ಲಿ ಬಣ್ಣದ ಮುಂದೆ, ‘ಮೊದಲು ನೀಲಿ, ಕಾರಹುಣ್ಣಿಮೆಯ ದಿನ ಕೆಂಪು’ ಎಂದು ಕಾಣಿಸಿದ್ದೇನೆ. ಬೆಲೆ ಎಂಬಲ್ಲಿ ಏನು ಬರೆಯಬೇಕೆಂದು ಕಾಕಿಯವರನ್ನು ಕೇಳಿದೆ. ಆ ಜಾಗವನ್ನು ಹಾಗೆಯೇ ಖಾಲಿ ಬಿಡು ಎಂದರು, ಬಿಟ್ಟಿದ್ದೇನೆ.